ದಾಸೋಹದ ತಟ್ಟೆಗೆ ಬಿಸ್ಕತ್ತಿನ ಪೊಟ್ಟಣ

ರುದ್ರಪಟ್ಟಣವೆಂದೊಡನೆ ವಾಚಕರಿಗೆ ಕಾವೇರಿಯ ತೀರವೂ ಸಂಗೀತಗಾರರ ಮನೆತನಗಳೂ ನೆನಪಿಗೆ ಬರುವವು. ಅರಕಲಗೂಡು ತಾಲೂಕಿನ ಆ ಗ್ರಾಮದ ಹೆಸರನ್ನು ನಾವು ಇಂದು ಬೇರೊಂದು ಕಾರಣಕ್ಕಾಗಿ ಎತ್ತಿದ್ದೇವೆ. ಅಲ್ಲಿಂದ ಹೊಳೆನರಸೀಪುರ, ಚನ್ನರಾಯಪಟ್ಟಣಗಳವರೆಗೆ ರಾಗಿಯೂ ಅವರೆಯೂ ಬೆಳೆಯುವ ಸೀಮೆ. ಇಲ್ಲಿಯ ಸರಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂಡುವರು. ಊರಿನವರೇ ಆದ ಹೆಣ್ಣುಮಕ್ಕಳು ಬಿಸಿ ಅನ್ನ, ಸಾರು ಬಡಿಸುವರು. ಈ ತಟ್ಟೆಯ ಮೇಲೆ ಒಮ್ಮೆ ದೊಡ್ಡ ವ್ಯಾಪಾರದ ಕಣ್ಣು ಬಿದ್ದಿತ್ತೆಂಬದನ್ನು ನಮ್ಮ ಉಪಾಧ್ಯಾಯರಲ್ಲಿ ಎಷ್ಟು ಜನ ಬಲ್ಲರೋ ನಾವರಿಯೆವು.

೨೦೦೧ನೆಯ ಇಸವಿಯ ನವೆಂಬರ್ ೨೮ರಂದು ಸರ್ವೋಚ್ಚ ನ್ಯಾಯಾಲಯವು ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ ಬೇಯಿಸಿದ ಊಟವನ್ನು ಕೊಡಬೇಕೆಂದು ಅಪ್ಪಣೆ ಮಾಡಿತು. ಅದಕ್ಕೆ ಮೊದಲು ಅನೇಕ ಪ್ರಾಂತಗಳಲ್ಲಿ ಒಣ ಧಾನ್ಯವನ್ನು ಅಳೆದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಕರ್ನಾಟಕವು ೨೦೦೨ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಈ ಕಾರ್ಯವನ್ನು ಆರಂಭಿಸಿ, ಬಳಿಕ ನಾಡಿನ ತುಂಬ ಹಬ್ಬಿಸಿತು. ಅದಕ್ಕೆ ‘ಅಕ್ಷರ ದಾಸೋಹ’ವೆಂದು ಶರಣರ ಮಾತಿನಲ್ಲಿಯೇ ಹೆಸರಿಟ್ಟಿತು. ಹೆಸರಿಟ್ಟವರಿಗೆ ನಮ್ಮ ವಂದನೆ. ಒಂದೇ ಪಂಕ್ತಿಯಲ್ಲಿ ಕುಳಿತು, ಒಂದೇ ಹಂಡೆಯ ಅನ್ನವನ್ನು ಉಣ್ಣುವ ಪಾಠವು ಯಾವ ಪಠ್ಯಪುಸ್ತಕದಲ್ಲಿ ದೊರೆಯುವದು?

ಆದರೆ ಕೋಟ್ಯವಧಿ ಮಕ್ಕಳು ದಿನಾಲು ಒಂದೇ ಹೊತ್ತಿಗೆ ಉಣ್ಣುವರೆಂದರೆ ವ್ಯಾಪಾರಿಗೆ ಅದು ಪಂಕ್ತಿಯಾಗಿ ಕಾಣುವದಿಲ್ಲ, ಪೇಟೆಯಾಗಿ ಕಾಣುವದು. ೨೦೦೭-೦೮ರ ಸುಮಾರಿನಲ್ಲಿ ಬಿಸ್ಕತ್ತು ತಯಾರಕರ ಸಂಘವು ಲೋಕಪ್ರತಿನಿಧಿಗಳಿಗೆ ಪತ್ರ ಬರೆದು, ಶಾಲೆಯ ಬಿಸಿಯೂಟಕ್ಕೆ ಬದಲಾಗಿ ಬಿಸ್ಕತ್ತಿನ ಪೊಟ್ಟಣವನ್ನು ಕೊಡಬಹುದೆಂದು ಸೂಚಿಸಿತು. ಪಾರ್ಲಿಮೆಂಟಿನ ೨೯ ಮಂದಿ ಸದಸ್ಯರು ಆ ಸೂಚನೆಯನ್ನು ಎತ್ತಿ ಹಿಡಿದು ಸಚಿವರಿಗೆ ಬರೆದರು! ಲಂಚದ ಮಾತನ್ನು ನಾವು ಆಡುತ್ತಿಲ್ಲ. ಆಡಲು ಆಧಾರವೂ ಇಲ್ಲ. ನಮ್ಮ ಸಂಕಟವು ಅದಕ್ಕಿಂತ ಸಾಮಾನ್ಯವಾದದ್ದು. ವ್ಯಾಪಾರಿಗಳ ಒಂದು ಪತ್ರ ಸಾಕಾಯಿತು. ಶಾಲೆಯ ಅಡುಗೆಯವಳನ್ನು, ಮಗುವಿನ ತಾಯಿಯನ್ನು, ಹಾಜರಿ ಹಾಕುವ ಮಾಸ್ತರರನ್ನು ಕೇಳಬೇಕೆಂದು ಆ ೨೯ ಮಂದಿಗೆ ತೋಚಲಿಲ್ಲವೇ?

ಲೆಕ್ಕವನ್ನಾದರೂ ನೋಡೋಣ. ಪ್ರಾಥಮಿಕ ಶಾಲೆಯ ಮಗುವಿನ ಊಟದಲ್ಲಿ ೪೫೦ ಕ್ಯಾಲೊರಿ ಶಕ್ತಿಯೂ ೧೨ ಗ್ರಾಂ ಸಸಾರಜನಕವೂ ಇರಬೇಕೆಂದು ಸರಕಾರದ ನಿಯಮ. ಸಾಧಾರಣ ಗ್ಲೂಕೋಸ್ ಬಿಸ್ಕತ್ತು ೧೦೦ ಗ್ರಾಂ ತಿಂದರೆ ೪೫೦ ಕ್ಯಾಲೊರಿ ಸರಿಹೋಗುವದು. ಸಸಾರಜನಕವೋ, ೭ ಗ್ರಾಮಿನ ಆಸುಪಾಸು. ಉಳಿದದ್ದು ಬಹುಮಟ್ಟಿಗೆ ಮೈದಾ, ತಾಳೆಯೆಣ್ಣೆ, ಮತ್ತು ತೂಕದಲ್ಲಿ ಕಾಲುಭಾಗದಷ್ಟು ಸಕ್ಕರೆ. ಹೊಟ್ಟೆ ತುಂಬಿತೆಂದು ಲೆಕ್ಕದ ಪುಸ್ತಕ ಹೇಳುವದು, ಮೈ ಬೆಳೆಯದು. ಇತ್ತ ನಮ್ಮ ಹಾಸನದ ಹೊಲದಲ್ಲಿಯ ರಾಗಿಯ ೧೦೦ ಗ್ರಾಮಿನಲ್ಲಿ ೩೦೦ ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದಂಶವಿದೆ. ಮೈದಾದಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. (ಇಂತಹ ಸೀಮೆಯ ಮಗುವಿಗೂ ಶಾಲೆಯಲ್ಲಿ ಹಾಲಿನೊಡನೆ ರಾಗಿಯ ಮಾಲ್ಟು ಬಂದದ್ದು ೨೦೨೪ರಲ್ಲಿ ಎಂಬದನ್ನು ನಾವು ನಾಚಿಕೆಯಿಂದಲೇ ಬರೆಯುತ್ತೇವೆ.)

ಕಾರಖಾನೆಯ ಪಕ್ಷದವರು ಶುಚಿತ್ವದ ಮಾತನ್ನು ಎತ್ತುವರು. ಅದನ್ನು ಹಗುರವಾಗಿ ತಳ್ಳಿಹಾಕುವವರು ನಾವಲ್ಲ. ೨೦೧೩ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಕೀಟನಾಶಕ ಬೆರೆತ ಅಡುಗೆಯನ್ನುಂಡು ೨೩ ಮಕ್ಕಳು ಸತ್ತರು. ಆ ಸುದ್ದಿಯನ್ನು ಓದಿದ ಯಾವ ತಾಯಿಯ ಕರುಳು ತಣ್ಣಗಿದ್ದೀತು? ಆದರೆ ಆ ಸಾವು ಕೇಳುವದು ಬೀಗವುಳ್ಳ ಉಗ್ರಾಣವನ್ನು, ಶುದ್ಧ ನೀರನ್ನು, ಬಡಿಸುವ ಮುನ್ನ ದೊಡ್ಡವರು ರುಚಿ ನೋಡುವ ಕ್ರಮವನ್ನು, ಅಡುಗೆಯವಳಿಗೆ ಹೊಟ್ಟೆ ತುಂಬುವ ಸಂಬಳವನ್ನು. ಮನೆಯ ಹಂಚು ಸೋರಿದರೆ ಹಂಚನ್ನು ಬದಲಿಸಬೇಕು. ಮನೆಯನ್ನೇ ಮಾರಿ ಛತ್ರಿ ಕೊಳ್ಳುವರೇ?

ಅಂದು ಉಳಿದದ್ದು ಹೇಗೆ? ದಿಲ್ಲಿಯಿಂದಲ್ಲ. ಬಿಸ್ಕತ್ತಿನ ಸಲಹೆಯನ್ನು ಹೆಚ್ಚಿನ ಪ್ರಾಂತಗಳು ಬೇಡವೆಂದವು. ಆಹಾರಶಾಸ್ತ್ರ ಬಲ್ಲವರೂ ಖಂಡಿಸಿದರು. ತನ್ನ ಮಕ್ಕಳು ಏನನ್ನು ಉಣ್ಣುವರೆಂಬದನ್ನು ಆಯಾ ನಾಡು ತನ್ನ ನುಡಿಯಲ್ಲಿ ಹೇಳಬಲ್ಲದಾದ್ದರಿಂದಲೇ ಇದು ಸಾಧ್ಯವಾಯಿತು. ಕನ್ನಡ ನಾಡು ಐದಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಾಗ ನಮ್ಮ ಮುದ್ದೆಯ ಪರವಾಗಿ ಯಾರು ಉತ್ತರ ಬರೆಯುತ್ತಿದ್ದರು? ೨೦೧೩ರ ಆಹಾರ ಭದ್ರತಾ ಕಾಯಿದೆಯ ಎರಡನೆಯ ಅನುಬಂಧದಲ್ಲಿ ಶಾಲೆಯ ಮಕ್ಕಳಿಗೆ ‘ಬಿಸಿ ಅಡುಗೆಯ ಊಟ’ವೆಂದೇ ಅಚ್ಚಾಗಿದೆ. ಆ ಮಾತು ಅಲ್ಲಿರುವವರೆಗೆ ಪೊಟ್ಟಣಕ್ಕೆ ದಾರಿ ಸುಲಭವಲ್ಲ.

ಬಾಗಿಲಿನಿಂದ ಬಾರದವರು ಕಿಟಕಿಯನ್ನು ಹುಡುಕುವರು. ಸಕ್ಕರೆ, ಉಪ್ಪು ಮಿತಿಮೀರಿದ ತಿನಿಸಿನ ಮುಖದ ಮೇಲೆ ಚಿಲಿ ದೇಶವು ೨೦೧೬ರಿಂದ ಕಪ್ಪು ಎಂಟುಮೂಲೆಯ ಎಚ್ಚರಿಕೆಯನ್ನು ಅಚ್ಚು ಹಾಕಿಸಿತು. ನಮ್ಮ ದೇಶದ ಆಹಾರ ಪ್ರಾಧಿಕಾರವು ೨೦೨೨ರ ಕರಡಿನಲ್ಲಿ ಮುಂದಿಟ್ಟದ್ದಾದರೋ ನಕ್ಷತ್ರಗಳನ್ನು! ದೋಷವನ್ನು ಹೇಳಬೇಕಾದಲ್ಲಿ ಬಹುಮಾನದ ಗುರುತು. ಅಕ್ಷರ ಬಾರದ ಅಜ್ಜಿಯು ಮೊಮ್ಮಗನಿಗೆ ಕೊಳ್ಳುವ ಪೊಟ್ಟಣದ ಮೇಲೆ ಒಂದೂವರೆ ನಕ್ಷತ್ರವನ್ನು ಕಂಡರೂ ಒಳ್ಳೆಯದೆಂದೇ ಬಗೆಯುವಳು.

ನಮ್ಮ ಬಿನ್ನಹವು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲೂಕುಗಳ ಉಪಾಧ್ಯಾಯ ಬಂಧುಗಳಿಗೆ. ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ಎರಡು ಸಾಲಿನ ಠರಾವು ಮಾಡಿರಿ: ಶಾಲೆಯ ತಟ್ಟೆಗೆ ಪೊಟ್ಟಣ ಬೇಡ, ಪೊಟ್ಟಣದ ಮೇಲೆ ಎಚ್ಚರಿಕೆ ಬೇಕು. ಅಡುಗೆಯವರ ಹೆಬ್ಬೆಟ್ಟನ್ನೂ ಒತ್ತಿಸಿ ಹಾಸನದ ಲೋಕಸಭಾ ಸದಸ್ಯರಿಗೆ ಕಳುಹಿಸಿರಿ. ಉತ್ತರ ಬಂದರೆ ಅದನ್ನು ಇದೇ ಪುಟದಲ್ಲಿ ಪ್ರಕಟಿಸುವೆವು. ಬಾರದಿದ್ದರೆ ಅದನ್ನೂ ಪ್ರಕಟಿಸುವೆವು.