ನಾವು ಉಸಿರಾಡುವ ಧೂಳು ಎಲ್ಲಿಯದು?

ಜ್ವರ ಬಂದಾಗ ಥರ್ಮಾಮೀಟರು 102 ಡಿಗ್ರಿ ಎಂದು ತೋರಿಸುತ್ತದೆ. ಅದು ಮಲೇರಿಯವೋ ಟೈಫಾಯಿಡೋ ಎಂಬುದನ್ನು ಹೇಳಲಾರದು. ಮಲೇರಿಯ ಹೌದೇ ಎಂದು ತಿಳಿಯಲು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಮ್ಮ ನಗರಗಳ ಗಾಳಿಯ ವಿಷಯದಲ್ಲಿ ಚರ್ಚೆಯೆಲ್ಲ ಇನ್ನೂ ಥರ್ಮಾಮೀಟರಿನಲ್ಲೇ ನಿಂತಿದೆ.

2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಆಸ್ತಮಾ ಕೆರಳುವುದಷ್ಟೇ ಅಲ್ಲ, ಹೃದಯಾಘಾತ, ಪಾರ್ಶ್ವವಾಯುವಿನ ಸಂಭವವೂ ಹೆಚ್ಚುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣಗಳ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶ 2009ರಲ್ಲಿ ನಿಗದಿ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ಆದರೆ ಕಣ ಎಲ್ಲಿಂದ ಬಂತೆಂಬುದನ್ನು ಈ ಅಂಕಿಗಳು ಹೇಳುವುದಿಲ್ಲ.

ಅದನ್ನು ಹೇಳಲು ನೆರವಾಗುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಗಾಳಿಯನ್ನು ಸೋಸಿ ಹಿಡಿದ ಕಣಗಳ ಮೇಲೆ ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಹಾಯಿಸಿದರೆ ಅವುಗಳ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಆಗ ಹೊಮ್ಮುವ ಕ್ಷ-ಕಿರಣಗಳು ಕಣದಲ್ಲಿರುವ ಮೂಲವಸ್ತುಗಳನ್ನು ತಿಳಿಸುತ್ತವೆ. ಡೀಸೆಲ್ ಮಸಿ ಎಂದರೆ ಇಂಗಾಲದ ಅತಿ ಸಣ್ಣ ಗುಂಡುಗಳ ಗೊಂಚಲು. ಕಲ್ಲಿದ್ದಲಿನ ಹಾರುಬೂದಿ ಸಿಲಿಕಾನ್, ಅಲ್ಯೂಮಿನಿಯಂ ಇರುವ ನುಣುಪಾದ ಗೋಲಿ. ರಸ್ತೆಯ ಮಣ್ಣಿನಲ್ಲೂ ಇವೇ ಮೂಲವಸ್ತುಗಳಿವೆ, ಆದರೆ ಅದರ ಕಣ ಅಂಕುಡೊಂಕು. ಬ್ರೇಕಿನ ಸವೆತದಲ್ಲಿ ಕಬ್ಬಿಣ, ತಾಮ್ರ ಕಾಣುತ್ತವೆ.

ಆಕಾರದಿಂದ ಎಷ್ಟು ತಿಳಿಯುತ್ತದೆಂಬುದಕ್ಕೆ ಒಂದು ನಿದರ್ಶನ. 2016ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬಾರ್ಬರಾ ಮಾಹೆರ್ ಮತ್ತು ಸಂಗಡಿಗರು ಮೆಕ್ಸಿಕೊ ನಗರ ಹಾಗೂ ಮ್ಯಾಂಚೆಸ್ಟರಿನ 37 ಮೃತರ ಮಿದುಳನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. ಅಲ್ಲಿ ಸಿಕ್ಕ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಕಣಗಳಲ್ಲಿ ಹೆಚ್ಚಿನವು ದುಂಡಗಿದ್ದವು. ದೇಹದಲ್ಲೇ ಹುಟ್ಟಿದ ಹರಳಾದರೆ ಕೋನಗಳಿರುತ್ತವೆ. ದುಂಡಾಗಿರುವುದು ಬೆಂಕಿಯ ಶಾಖದಲ್ಲಿ ಹುಟ್ಟಿದ್ದರ ಗುರುತು. ಇವುಗಳಿಂದಲೇ ಕಾಯಿಲೆ ಬಂತೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಬೀದಿಯ ಹೊಗೆ ಮಿದುಳಿನವರೆಗೂ ತಲುಪೀತೆಂಬ ಎಚ್ಚರಿಕೆ ಸಣ್ಣದಲ್ಲ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿವೆ. ರಸ್ತೆಗೆ ನೀರು ಚಿಮುಕಿಸಿದರೆ ಮಣ್ಣಿನ ಧೂಳು ಅಡಗೀತು, ಡೀಸೆಲ್ ಮಸಿ ಅಡಗದು. ಆದ್ದರಿಂದ ಹಣ ಸುರಿಯುವ ಮೊದಲು ರೋಗನಿರ್ಣಯವಾಗಬೇಕು. ಸೂಕ್ಷ್ಮದರ್ಶಕಕ್ಕೆ ಕಾಣುವುದು ಚಿಟಿಕೆ ಧೂಳು ಮಾತ್ರ. ರಾಸಾಯನಿಕ ವಿಶ್ಲೇಷಣೆಯೂ ಜೊತೆಗಿರಬೇಕು. ಫಲಿತಾಂಶ ಕಡತದಲ್ಲಿ ಮಲಗದೆ ಬಡಾವಣೆವಾರು ಪ್ರಕಟವಾಗಬೇಕು. ಅದನ್ನು ಕೇಳುವ ಹಕ್ಕು ನಿಮಗಿದೆ.

ಅಲ್ಲಿಯವರೆಗೆ ಕೆಲವು ಮೂಲಗಳನ್ನು ತಿಳಿಯಲು ಯಾವ ಯಂತ್ರವೂ ಬೇಕಿಲ್ಲ. ಮನೆ ಮುಂದಿನ ಕಸಕ್ಕೆ ಬೆಂಕಿ ಹಚ್ಚಬೇಡಿ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ ಉರಿಸಬೇಡಿ. ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸಿ. ಕೆಮ್ಮಿಗೆ ನಾವು ವೈದ್ಯರು ಔಷಧಿ ಬರೆದುಕೊಡಬಹುದು. ಬೀದಿಯ ಗಾಳಿಗೆ ಚೀಟಿ ಬರೆಯಲಾರೆವು.