ಪಹಣಿ ಇದ್ದರೆ ಸಾಕೇ?

ಹೊಳಲ್ಕೆರೆ ಸೀಮೆಯಲ್ಲಿ ಗೇಣಿದಾರರಾಗಿದ್ದ ನಮ್ಮಜ್ಜ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಉಳುತ್ತಿದ್ದ ಹೊಲ ಪಡೆದರು. ಅದು 1974ರ ಭೂಸುಧಾರಣೆಯ ಫಲ. ಎರಡನೇ ಮಹಾಯುದ್ಧದ ನಂತರ ಜಪಾನ್, ತೈವಾನ್‌ಗಳಲ್ಲೂ ಹೀಗೆಯೇ ಗೇಣಿದಾರರು ಒಡೆಯರಾದರು.

ನಮ್ಮಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಈಗ ಮನೆಗೆ ದಲ್ಲಾಳಿಗಳು ಬರುತ್ತಿದ್ದಾರೆ. ಬೋರ್‌ವೆಲ್ ಬತ್ತಿದೆ, ಮಾರಿಬಿಡೋಣ ಎನ್ನುತ್ತಾರೆ ಅಪ್ಪ. ಅವರ ಕಷ್ಟ ಸುಳ್ಳಲ್ಲ. ಆದರೆ ಅಜ್ಜ ಹಾಕಿದ ಬದು ಒಡೆದು ವರ್ಷಗಳಾದವು. ಮಳೆ ಬಂದಾಗ ನೀರಿನ ಜೊತೆ ಮೇಲ್ಮಣ್ಣೂ ಹಳ್ಳ ಸೇರುತ್ತಿದೆ. ಮೊದಲು ಬದು ಕಟ್ಟೋಣ, ಕೃಷಿ ಹೊಂಡ ತೋಡೋಣ, ಕೆರೆಯ ಹೂಳು ಹೊಡೆಸೋಣ ಎಂಬುದು ನನ್ನ ವಾದ.

ಗೆಳೆಯರೇ, ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಹೊಲದ ಬದುವನ್ನೂ ಒಮ್ಮೆ ನೋಡಿ ಬನ್ನಿ.