ಎಂಜಿನ್ ಕಂಪ್ರೆಷನ್ ಹೆಚ್ಚಿಸಿದರೆ ದುಬಾರಿ ಪೆಟ್ರೋಲ್ ಹಾಕಲೇಬೇಕಾ?

‘ಹೆಚ್ಚು ಆಕ್ಟೇನ್ ಪೆಟ್ರೋಲ್ ಹಾಕಿಸಿ, ಪವರ್ ಜಾಸ್ತಿ, ಮೈಲೇಜ್ ಜಾಸ್ತಿ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಹಳೆಯ ಕಾರಿನ ಎಂಜಿನ್ ಬಿಚ್ಚಿಸಿ ಕೆಲಸ ಮಾಡಿಸುವವರ ನಡುವೆ ಇದರ ಇನ್ನೊಂದು ರೂಪ ಓಡಾಡುತ್ತದೆ: ‘ಕಂಪ್ರೆಷನ್ 10 ದಾಟಿದರೆ 93 ಆಕ್ಟೇನ್ ಬೇಕು.’ ಮೊದಲನೆಯದು ಬಹುತೇಕ ತಪ್ಪು. ಎರಡನೆಯದು ಅರ್ಧ ಸರಿ, ಆದರೆ ಅದರಲ್ಲಿರುವ 93 ನಮ್ಮ ದೇಶದ ಲೆಕ್ಕದ್ದಲ್ಲ.

ಆಕ್ಟೇನ್ ಎಂದರೆ ಪೆಟ್ರೋಲಿನ ಶಕ್ತಿಯ ಅಳತೆಯಲ್ಲ. ಒತ್ತಡ ಮತ್ತು ಬಿಸಿ ಏರಿದಾಗ ಇಂಧನ ತಾನಾಗಿಯೇ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಅಳತೆ. ಐಸೋಆಕ್ಟೇನ್ ಎಂಬ ದ್ರವಕ್ಕೆ 100, ಹೆಪ್ಟೇನ್‌ಗೆ 0 ಎಂದು ಇಟ್ಟುಕೊಂಡು ಉಳಿದದ್ದನ್ನು ಅಳೆಯುತ್ತಾರೆ. ಎಥನಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಆಕ್ಟೇನ್ 100 ದಾಟುತ್ತದೆ, ಆದರೆ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ.

ಹಾಗಾದರೆ ಕಂಪ್ರೆಷನ್‌ಗೂ ಇದಕ್ಕೂ ಏನು ನಂಟು? ನಾಲ್ಕು ಸಿಲಿಂಡರಿನ 1200 ಸಿಸಿ ಎಂಜಿನ್ ತೆಗೆದುಕೊಳ್ಳಿ. ಪ್ರತಿ ಸಿಲಿಂಡರ್ 300 ಸಿಸಿ. ಕಂಪ್ರೆಷನ್ 9 ಇದ್ದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 37.5 ಸಿಸಿ. ಹೆಡ್ ಸವೆಸಿ ಆ ಜಾಗದಲ್ಲಿ ಬರೀ 4 ಸಿಸಿ ಕಡಿಮೆಯಾದರೂ ಕಂಪ್ರೆಷನ್ ಹತ್ತಿರ ಹತ್ತಿರ 10 ಆಗುತ್ತದೆ. ಅಷ್ಟು ಒತ್ತಿದಾಗ, ಪ್ಲಗ್ಗಿನ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ಸಿಡಿಯಬಹುದು. ಚಡಾವಿನಲ್ಲಿ ಡಬ್ಬಿಯೊಳಗೆ ಗೋಲಿ ಅಲುಗಾಡಿಸಿದಂತೆ ಕೇಳಿಸುವ ಸದ್ದು ಅದೇ, ನಾಕಿಂಗ್. ಹೊಸ ಕಾರುಗಳಲ್ಲಿ ನಾಕ್ ಸೆನ್ಸರ್ ಇದನ್ನು ಗ್ರಹಿಸಿ ಟೈಮಿಂಗ್ ಹಿಂದಕ್ಕೆ ತಳ್ಳುತ್ತದೆ. ಕಾರ್ಬುರೇಟರ್ ಕಾಲದ ಗಾಡಿಗೆ ಆ ಕಾವಲು ಇಲ್ಲ. ಸದ್ದನ್ನು ಕೇಳಿಯೂ ಓಡಿಸುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಆಮೇಲೆ ಪಿಸ್ಟನ್ ಹೋಗುತ್ತದೆ. ಅಂದರೆ ನಿಜವಾಗಿ ಕಂಪ್ರೆಷನ್ ಏರಿಸಿದವರಿಗೆ ಹೆಚ್ಚಿನ ಆಕ್ಟೇನ್ ಶೋಕಿಯಲ್ಲ.

ಈಗ ಆ 93ರ ವಿಷಯ. ಅಮೆರಿಕದ ಬಂಕ್‌ಗಳಲ್ಲಿ ಎರಡು ಪರೀಕ್ಷೆಗಳ ಸರಾಸರಿಯನ್ನು ಬರೆಯುತ್ತಾರೆ. ನಮ್ಮಲ್ಲಿ ಬಳಸುವುದು ಅವುಗಳಲ್ಲಿ ಹೆಚ್ಚು ಅಂಕಿ ತೋರಿಸುವ ‘ರಾನ್’. ಅಲ್ಲಿಯ 87 ನಮ್ಮ 91ರ ಆಸುಪಾಸು, ಅಲ್ಲಿಯ 93 ನಮ್ಮ 97-98ರ ಆಸುಪಾಸು. ಯೂಟ್ಯೂಬ್ ನೋಡಿ ‘ನಮ್ಮದು 95 ಇದೆ, 93ಕ್ಕಿಂತ ಮೇಲು’ ಎಂದು ನೆಮ್ಮದಿಯಾಗಿರುವವರು ಎಡವುವುದು ಇಲ್ಲೇ. ಇನ್ನು ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಭಾರತೀಯ ಮಾನಕ ಕೇಳುವುದು ಕನಿಷ್ಠ 95. ಆದರೆ ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಜೆಟ್ ಸರಿಮಾಡಿಸದಿದ್ದರೆ ಆಕ್ಟೇನ್‌ನ ಲಾಭ ಅಲ್ಲೇ ಸೋರಿಹೋಗಬಹುದು.

‘ಮಾರುತಿಯ ಡ್ಯುಯಲ್‌ಜೆಟ್ ಎಂಜಿನ್ 12 ಕಂಪ್ರೆಷನ್‌ನಲ್ಲೂ ಸಾದಾ ಪೆಟ್ರೋಲಿನಲ್ಲೇ ಓಡುತ್ತದಲ್ಲ?’ ಎಂದು ನೀವು ಕೇಳಬಹುದು. ನಿಜ. ಅದರ ದಹನ ಕೊಠಡಿಯ ಆಕಾರ, ತಂಪಾಗುವ ರೀತಿ, ವಾಲ್ವ್ ಟೈಮಿಂಗ್ ಎಲ್ಲವನ್ನೂ ಆ ಅಂಕಿಗಾಗಿಯೇ ಮಾಡಿದ್ದಾರೆ. ಹೆಡ್ ಸವೆಸಿದ ಹಳೆಯ ಎಂಜಿನ್‌ಗೆ ಆ ಸೌಲಭ್ಯ ಇಲ್ಲ. ಆದ್ದರಿಂದ ‘ಇಷ್ಟು ಕಂಪ್ರೆಷನ್‌ಗೆ ಇಷ್ಟು ಆಕ್ಟೇನ್’ ಎಂಬ ಪಟ್ಟಿಯನ್ನು ನಾವು ಇಲ್ಲಿ ಕೊಡುತ್ತಿಲ್ಲ, ಕೊಟ್ಟರೂ ನಂಬಬೇಡಿ.

ಟ್ಯಾಂಕಿಗೆ ನುಸಿಗುಳಿಗೆ ಹಾಕಿ ಆಕ್ಟೇನ್ ಏರಿಸುವ ಉಪಾಯ ಬೇಡವೇ ಬೇಡ. ಪೆಟ್ರೋಲ್ ಆರಿದಲ್ಲಿ ಅದು ಮತ್ತೆ ಹರಳುಗಟ್ಟಿ ಜೆಟ್ ಕಟ್ಟಿಸಬಹುದು.

ಪರೀಕ್ಷೆ ಹೀಗೆ: ಮೊದಲು ಸಿಗುವ ಹೆಚ್ಚಿನ ಆಕ್ಟೇನ್ ತುಂಬಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಮೇಲಿನ ಗೇರಿನಲ್ಲಿ ಚಡಾವು ಹತ್ತುವಾಗ ಕಿವಿಗೊಡಿ. ಸದ್ದು ಇಲ್ಲದಿದ್ದರೆ ಒಂದು ಮೆಟ್ಟಿಲು ಇಳಿದು ನೋಡಿ. ಬೆಂಗಳೂರಿನಲ್ಲಿ ಪಾಸಾದರೆ ಸಾಲದು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಕಡಿಮೆ, ನಾಕಿಂಗ್ ಕೂಡ ಕಡಿಮೆ. ಅದೇ ಕಾರು ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದರೆ ಸದ್ದು ಶುರುವಾಗಬಹುದು. 100 ಆಕ್ಟೇನ್‌ನಲ್ಲೂ ಸದ್ದು ನಿಲ್ಲದಿದ್ದರೆ ಬಂಕ್ ಬದಲಿಸುವ ಮೊದಲು ಮೆಕ್ಯಾನಿಕ್ ಬಳಿ ಟೈಮಿಂಗ್, ಇಂಗಾಲದ ಪದರ ಮತ್ತು ರೇಡಿಯೇಟರ್ ನೋಡಿಸಿ.